ಬಿಳಿಯಣ್ಣ ತಿಕ್ಕಿದ ದೋಣಿಗಳು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ದೋಣಿ ದುರಸ್ತಿ ಅಂಗಳದ ದೊಡ್ಡ ಗೇಟಿನ ಬೀಗ ಹಾಗೇ ಇದೆ. ಪಕ್ಕದ ಸಣ್ಣ ಬಾಗಿಲಿನಿಂದ ತಲೆ ತಗ್ಗಿಸಿ ಒಳಗೆ ಬರುವ ಮನುಷ್ಯ ಸೀದಾ ನಲ್ಲಿಯ ಹತ್ತಿರ ಹೋಗಿ ಎರಡು ಬಕೆಟ್ ನೀರು ತುಂಬಿಸುತ್ತಾರೆ, ಒಂದಕ್ಕೆ ಸೋಪಿನ ಪುಡಿ ಹಾಕಿ ಕೈಯಾಡಿಸುತ್ತಾರೆ. ಮೊಣಕಾಲಿಗೆ ಹಳೆಯ ಟೈರಿನ ತುಂಡು ಕಟ್ಟಿಕೊಳ್ಳುತ್ತಾರೆ. ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಬಿಗಿಯುತ್ತಾರೆ.

ಅಂಗಳದ ಮೂಲೆಯಲ್ಲಿ, ಕಬ್ಬಿಣದ ಕಾಲುಗಳ ಮೇಲೆ, ಇಪ್ಪತ್ತಾರು ವರ್ಷ ಹಳೆಯ ಫೈಬರ್ ದೋಣಿಯೊಂದು ನಿಂತಿದೆ. ಒಂದು ಕಾಲಕ್ಕೆ ಕಡುನೀಲಿ. ಈಗ ಒಗೆದೊಗೆದು ಸೋತ ಶಾಲಾ ಸಮವಸ್ತ್ರದ ಬಣ್ಣ. ಅವರು ಅಂಗೈಯನ್ನು ಅದರ ಹೊಟ್ಟೆಗೆ ಒತ್ತಿ ಒಂದು ಮೊಳದಷ್ಟು ದೂರ ಎಳೆದು, ತಿರುಗಿಸಿ ನೋಡುತ್ತಾರೆ. ಸೀಮೆಸುಣ್ಣ ಹಿಡಿದ ಮೇಷ್ಟ್ರ ಕೈಯಂತೆ ಅಂಗೈ ತುಂಬ ಪುಡಿ.

"ಬಿಸಿಲು ಕುಡಿದು ಕುಡಿದು ಸತ್ತಿದೆ. ಮೇಲಿಂದು ಮಾತ್ರ. ಸತ್ತಿದ್ದನ್ನ ತೆಗೆದ್ರೆ ಕೆಳಗೆ ಇನ್ನೂ ಜೀವ ಇರುತ್ತೆ. ಎಲ್ಲಾ ಕಡೆ ಅಂತ ಹೇಳೋಕಾಗಲ್ಲ."

ವಯಸ್ಸು ಅರವತ್ತೊಂದು. ಮೈಬಣ್ಣ ಎಣ್ಣೆಗಪ್ಪು. ಆದರೂ ಅಂಗಳದಲ್ಲಿ ಎಲ್ಲರೂ ಕರೆಯುವುದು ಬಿಳಿಯಣ್ಣ ಎಂದೇ. ಬೆಳಗ್ಗೆ ಬರುವಾಗ ಇದ್ದ ಬಣ್ಣ ಹತ್ತು ಗಂಟೆಯ ಹೊತ್ತಿಗೆ ಇರುವುದಿಲ್ಲ. ತಲೆಗೂದಲು, ಹುಬ್ಬು, ಕಿವಿಯ ಸಂದು, ಎಲ್ಲಕ್ಕೂ ಬಿಳಿ ಪುಡಿ ಮೆತ್ತಿರುತ್ತದೆ. "ಮದುವೆಯಾದ ಹೊಸದರಲ್ಲಿ ನನ್ನ ಹೆಂಡ್ತಿಗೆ ಅವಳ ತವರಿನವರು ಕೇಳಿದ್ರಂತೆ, ಗಂಡ ಹಿಟ್ಟಿನ ಗಿರಣಿಯಲ್ಲಿದಾನಾ ಅಂತ. ಹೂಂ ಅಂದುಬಿಟ್ಟಿದ್ಳು. ದೋಣಿಗೆ ಪಾಲಿಶ್ ಹಾಕ್ತಾನೆ ಅಂದ್ರೆ ಅದೂ ಒಂದು ಕೆಲಸಾನಾ ಅಂತ ಕೇಳ್ತಾರೆ ಅಂತ ಅವಳಿಗೆ ಭಯ."

ಫೈಬರ್ ದೋಣಿಯ ಮೈಮೇಲೆ ಜೆಲ್‌ಕೋಟ್ ಎಂಬ ಬಣ್ಣದ ಪದರ ಇರುತ್ತದೆ. ದಪ್ಪ ಎಂದರೆ ಹೆಬ್ಬೆರಳಿನ ಉಗುರಿನಷ್ಟು. ವರ್ಷಗಟ್ಟಲೆ ಬಿಸಿಲು, ಉಪ್ಪುನೀರು ಬಡಿದು ಅದು ಪುಡಿಪುಡಿಯಾಗುತ್ತದೆ. ಬಿಳಿಯಣ್ಣನ ಕೆಲಸ ಆ ಪುಡಿಯನ್ನು ತೆಗೆದು, ಕೆಳಗಿನ ಬಣ್ಣವನ್ನು ಮೇಲಕ್ಕೆ ತರುವುದು. ಮೊದಲು ಸೋಪಿನ ನೀರು. ಆಮೇಲೆ ಥಿನ್ನರ್ ಅದ್ದಿದ ಬಟ್ಟೆಯಿಂದ ಹಳೆಯ ಮೇಣವನ್ನೆಲ್ಲ ಒರೆಸಬೇಕು. ಆಮೇಲೆ ನೀರು ಹಾಕುತ್ತ ಮರಳುಕಾಗದದಂಥ ವಾಟರ್ ಪೇಪರಿನಲ್ಲಿ ತಿಕ್ಕಬೇಕು. ಒರಟಿನಿಂದ ಶುರು, ನಯಕ್ಕೆ ಮುಕ್ತಾಯ. ನಡುವೆ ನಾಲ್ಕು ಬಗೆಯ ಪೇಪರು. ಅದಾದ ಮೇಲೆ ಉಣ್ಣೆಯ ಬಿಲ್ಲೆ ಕಟ್ಟಿದ ಯಂತ್ರ, ಕಾಂಪೌಂಡ್ ಎಂಬ ಹೊಳಪಿನ ಲೇಪ, ಕೊನೆಗೆ ಎರಡು ಕೈ ವ್ಯಾಕ್ಸ್. ಎಲ್ಲಿಯಾದರೂ ಒಂದು ಎಳೆ ಹೆಚ್ಚು ತಿಕ್ಕಿದರೆ ಬಣ್ಣವೇ ಹೋಗಿ ಒಳಗಿನ ನಾರು ಹಲ್ಲು ಬಿಡುತ್ತದೆ. ಯಂತ್ರವನ್ನು ಒಂದೇ ಜಾಗದಲ್ಲಿ ನಿಲ್ಲಿಸಿದರೆ ಸುಟ್ಟ ಕಲೆ. ಬಿಸಿಲೇರಿದರೆ ಕಾಂಪೌಂಡ್ ಮೈಗೆ ಅಂಟಿ ಗೋಂದಾಗುತ್ತದೆ. ಅದಕ್ಕೇ ಈ ಕೆಲಸ ದೋಣಿಯ ಮೈ ತಣ್ಣಗಿರುವ ಬೆಳಗಿನ ಜಾವಕ್ಕೇ ಶುರುವಾಗಬೇಕು.

ಇಪ್ಪತ್ತೆರಡು ಅಡಿಯ ಈ ದೋಣಿಗೆ ಒಬ್ಬರೇ ಕೂತರೆ ಆರು ದಿನ. ದಿನಕ್ಕೆ ಹತ್ತು ಹನ್ನೆರಡು ಹಾಳೆ ಪೇಪರು ಸವೆಯುತ್ತದೆ, ಇಪ್ಪತ್ತು ಬಕೆಟ್ ನೀರು ಹೋಗುತ್ತದೆ. ಒಂದು ಸಲಕ್ಕೆ ಕೈ ಚಾಚಿದಷ್ಟು ಅಗಲದ ಚೌಕ, ಅದಕ್ಕೆ ಮುಕ್ಕಾಲು ಗಂಟೆ. ಅಂಥ ಚೌಕಗಳು ಎಡಕ್ಕೆ ಇಪ್ಪತ್ತೆಂಟು, ಬಲಕ್ಕೆ ಇಪ್ಪತ್ತೆಂಟು. ಮೂವತ್ತೊಂದು ವರ್ಷದಲ್ಲಿ ಎಷ್ಟು ದೋಣಿ ತಿಕ್ಕಿದಿರಿ ಎಂದರೆ, "ಮುನ್ನೂರು ದಾಟಿರಬೇಕು. ಲೆಕ್ಕ ಇಡೋಕೆ ಹೋಗಿಲ್ಲ" ಎನ್ನುತ್ತಾರೆ.

ಮೊದಲು ಅವರು ದೋಣಿಯ ಅಚ್ಚು ಹಾಕುವ ಕಾರ್ಖಾನೆಯಲ್ಲಿದ್ದರು. ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಪದರ ಪದರವಾಗಿ ಹಾಸುವ ಕೆಲಸ. ಮೈಯೆಲ್ಲ ನವೆ, ಎದೆಯಲ್ಲಿ ಕೆಮ್ಮು. ಕಾರ್ಖಾನೆ ಮುಚ್ಚಿತು, ನವೆ ಹೋಯಿತು, ಕೆಮ್ಮು ಜೊತೆಗೇ ಉಳಿಯಿತು. ಈಗ ಬಲಭುಜ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅಂಗಿ ಹಾಕಿಕೊಳ್ಳಲು ಹೆಂಡತಿಯ ಕೈ ಬೇಕು. ವಾಟರ್ ಪೇಪರ್ ಬಣ್ಣದ ಜೊತೆ ಬೆರಳನ್ನೂ ಸವೆಸಿದೆ. ಮೊನ್ನೆ ಯಾವುದೋ ಕಚೇರಿಯಲ್ಲಿ ಹೆಬ್ಬೆರಳು ಒತ್ತಿ ಎಂದರಂತೆ. ಒತ್ತಿದರು. ಯಂತ್ರ ಒಪ್ಪಲಿಲ್ಲ. ಹತ್ತೂ ಬೆರಳು ಒತ್ತಿಸಿದರು. "ಅದರ ಪ್ರಕಾರ ನಾನು ಇಲ್ಲವೇ ಇಲ್ಲ. ಎದುರಿಗೇ ನಿಂತಿದೀನಿ, ಮಾತಾಡ್ತಿದೀನಿ. ಇನ್ನೊಬ್ಬರನ್ನ ಕರ್ಕೊಂಡು ಬನ್ನಿ, ನೀವು ನೀವೇ ಅಂತ ಹೇಳೋಕೆ ಅಂದ್ರು."

ಸಾಕ್ಷಿಯಾಗಿ ಹೋದದ್ದು ಹೆಂಡತಿ. ಆಕೆ ಮನೆಯಲ್ಲಿ ಕೂತು ಯಂತ್ರದ ಉಣ್ಣೆ ಬಿಲ್ಲೆಗಳನ್ನು ತೊಳೆದು, ಒಣಗಿಸಿ, ಹಲ್ಲು ಮುರಿದ ಬಾಚಣಿಗೆಯಲ್ಲಿ ಬಾಚಿ ಕೊಡುತ್ತಾರೆ. ಇಲ್ಲದಿದ್ದರೆ ಉಣ್ಣೆ ಗಂಟುಗಟ್ಟಿ ದೋಣಿಯ ಮೇಲೆ ಸುರುಳಿ ಸುರುಳಿ ಗೆರೆ ಬೀಳುತ್ತದೆ. "ನನ್ನ ತಲೆ ಬಾಚಿಕೊಂಡಿದ್ದಕ್ಕಿಂತ ಇದರ ತಲೆ ಬಾಚಿದ್ದೇ ಜಾಸ್ತಿ" ಎನ್ನುತ್ತಾರೆ ಆಕೆ. ನಗುವುದಿಲ್ಲ.

ಬಿಳಿಯಣ್ಣನಿಗೆ ಒಂದು ಅಭ್ಯಾಸವಿದೆ. ತಿಕ್ಕಲು ಶುರುಮಾಡುವ ಮೊದಲು ಸುತ್ತಿಗೆಯ ಮರದ ಹಿಡಿಯಿಂದ ಇಡೀ ದೋಣಿಯನ್ನು ತಟ್ಟುತ್ತ ಹೋಗುತ್ತಾರೆ. ಮುಂದಿನ ಮೂತಿಯಿಂದ ಹಿಂದಿನ ಹಲಗೆಯವರೆಗೆ, ಒಂದೊಂದು ಗೇಣಿಗೆ ಒಂದು ಏಟು. ಗಟ್ಟಿ ಇದ್ದಲ್ಲಿ ಟಕ್ ಎನ್ನುತ್ತದೆ. ಒಳಗೆ ನೀರು ಕುಡಿದಿದ್ದರೆ ಒದ್ದೆ ರಟ್ಟಿನ ಡಬ್ಬಿಯ ಹಾಗೆ ಬದ್ ಎನ್ನುತ್ತದೆ. ಅಲ್ಲಿ ಕೆಂಪು ಪೆನ್ಸಿಲಿನಿಂದ ಸೊನ್ನೆ ಬರೆಯುತ್ತಾರೆ. ಕೂದಲೆಳೆಯಂಥ ಬಿರುಕು ಕಂಡರೆ ಅದರ ಎರಡೂ ತುದಿಗೆ ಗೀಟು. ಹೊಳಪು ಕೊಡುವವನಿಗೆ ಇದು ಬೇಡದ ಕೆಲಸ. ಅಂಗಳದವರು ಡಾಕ್ಟರ್ ಬಂದರು, ಎದೆ ತಟ್ಟಿ ನೋಡ್ತಾರೆ ಎಂದು ಆಡಿಕೊಳ್ಳುತ್ತಾರೆ. ಬಿಳಿಯಣ್ಣ ಇನ್ನೊಂದು ಗೇಣು ಮುಂದೆ ಸರಿದು ತಟ್ಟುತ್ತಾರೆ.

ಯಾಕೆ ತಟ್ಟುತ್ತಾರೆ ಎಂದು ಹೇಳುವುದು ಹೆಂಡತಿ, ಅದೂ ಗಂಡ ಎದ್ದು ಆಚೆ ಹೋದ ಮೇಲೆ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಹಳೆಯ ದೋಣಿಗಳನ್ನು ಕೊಂಡು, ಚೆಂದ ಮಾಡಿಸಿ ಮಾರುವ ಒಬ್ಬಾತ ಒಂದು ಬಿಳಿ ದೋಣಿ ತಂದು ಬಿಳಿಯಣ್ಣನ ಮುಂದೆ ನಿಲ್ಲಿಸಿದ. ಇಂಜಿನ್ ಕೂರಿಸುವ ಹಿಂದಿನ ಹಲಗೆಯ ಮೂಲೆಯಲ್ಲಿ ಮೂರು ಬಿರುಕು ಇದ್ದವು. ಉದ್ದ ಒಂದು ಬೆರಳಿನಷ್ಟೂ ಇಲ್ಲ. ಮುಚ್ಚಿಬಿಡು ಎಂದ. ಬಿಳಿಯಣ್ಣ ಬಣ್ಣದ ಪೇಸ್ಟ್ ಕಲಸಿ ತುಂಬಿದರು, ತಿಕ್ಕಿದರು, ಬೆಳಕಿಗೆ ಹಿಡಿದು ನೋಡಿದರೂ ಗುರುತು ಸಿಗದ ಹಾಗೆ ಮಾಡಿದರು. ಆವರೆಗೆ ಅವರು ಮಾಡಿದ್ದರಲ್ಲೇ ಅತ್ಯಂತ ಒಳ್ಳೆಯ ಕೆಲಸ ಅದು. ಮುಖ ನೋಡಿಕೊಳ್ಳಬಹುದಿತ್ತು.

ಆ ದೋಣಿಯನ್ನು ನೋಡಲು ಬಂದದ್ದು ಅವರ ಸ್ವಂತ ತಮ್ಮ. ಸ್ವಂತದ್ದೊಂದು ದೋಣಿ ಬೇಕೆಂದು ವರ್ಷಗಳಿಂದ ಕನಸು ಕಂಡವನು. ಅಣ್ಣ ತಿಕ್ಕಿದ್ದು ಎಂದು ಗೊತ್ತಾದ ಮೇಲೆ ಬೇರೆ ಯಾವುದನ್ನೂ ನೋಡಲಿಲ್ಲ. ಮಾರುವವನ ಎದುರಿಗೇ ಕೇಳಿದ, "ಅಣ್ಣಾ, ಹೇಗಿದೆ?"

"ಚೆನ್ನಾಗಿದೆ" ಎಂದರು ಬಿಳಿಯಣ್ಣ.

ಮೂರು ತಿಂಗಳಾಗಿತ್ತು. ಗಾಳಿಯೂ ಹೇಳಿಕೊಳ್ಳುವಂಥದ್ದೇನಿರಲಿಲ್ಲ. ಫೈಬರಿನ ಎರಡು ಪದರಗಳ ನಡುವೆ ಮರ ಇಟ್ಟು ಮಾಡುವ ಹಲಗೆ ಅದು. ಒಳಗಿನ ಮರ ಕೊಳೆತಿತ್ತು. ಇಂಜಿನ್ನಿನ ಭಾರಕ್ಕೆ ಹಲಗೆಯೇ ಕಿತ್ತುಕೊಂಡು ಹೋಗಿ, ಹಿಂದಿನಿಂದ ನೀರು ನುಗ್ಗಿತು. ತಮ್ಮ ಒಬ್ಬನೇ ಇದ್ದ. ಸಿಕ್ಕಿದ್ದು ಎರಡು ದಿನದ ಮೇಲೆ. ದೋಣಿಯನ್ನು ಎಳೆದು ತಂದು ದಡದಲ್ಲಿ ಮಗುಚಿ ಹಾಕಿದಾಗ ಅದರ ಮೈ ಆಗಲೂ ಫಳಫಳ ಹೊಳೆಯುತ್ತಿತ್ತು.

ತಮ್ಮನ ಹೆಂಡತಿಗೆ ಆಗ ಇಪ್ಪತ್ತನಾಲ್ಕು ವರ್ಷ, ಮಗಳಿಗೆ ನಾಲ್ಕು. ಮನೆ ಒಂದೇ. ಕೆಳಗೆ ಇವರು, ಮೇಲಿನ ಎರಡು ಕೋಣೆಯಲ್ಲಿ ಅವರು. ಆಕೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಿಸುವ ಕೆಲಸಕ್ಕೆ ಸೇರಿಕೊಂಡರು. ಓರಗಿತ್ತಿಯರಿಬ್ಬರೂ ಒಟ್ಟಿಗೇ ತರಕಾರಿ ಹೆಚ್ಚುತ್ತಾರೆ, ಒಟ್ಟಿಗೇ ಬಟ್ಟೆ ಒಣಹಾಕುತ್ತಾರೆ. ಬಿಳಿಯಣ್ಣನ ಜೊತೆ ಮಾತ್ರ ಆಕೆಯ ಮಾತು ನಿಂತುಹೋಯಿತು. ಜಗಳವಿಲ್ಲ, ಶಾಪವಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಾರೆ, ಅಷ್ಟೇ. ಹೇಳುವುದೇನಾದರೂ ಇದ್ದರೆ ಮಗಳ ಬಾಯಲ್ಲಿ ಬರುತ್ತದೆ. "ದೊಡ್ಡಪ್ಪ, ನೀರಿನ ತೊಟ್ಟಿ ಸೋರ್ತಿದೆಯಂತೆ." "ದೊಡ್ಡಪ್ಪ, ನಾಳೆ ಮನೆಯಲ್ಲಿ ಇರಲ್ವಂತೆ." ಆ ಮಗು ಈಗ ಇಪ್ಪತ್ತಮೂರರ ಹುಡುಗಿ, ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುತ್ತಾಳೆ. 'ಅಂತೆ' ಸೇರಿಸಿ ಮಾತಾಡುವುದು ಅವಳಿಗೆ ಈಗಲೂ ಬಿಟ್ಟಿಲ್ಲ.

"ಬೈದಿದ್ರೆ ಬೈಸಿಕೊಳ್ತಿದ್ರು" ಎನ್ನುತ್ತಾರೆ ಬಿಳಿಯಣ್ಣನ ಹೆಂಡತಿ. "ಬೈಯೋದಕ್ಕೂ ಇವರು ಲಾಯಕ್ಕಿಲ್ಲ ಅನ್ನೋ ಹಾಗೆ ಆಯ್ತು. ಆಮೇಲೆ ನೋಡಿ, ಈ ತಟ್ಟೋದು ಶುರುವಾಗಿದ್ದು. ಊಟದ ತಟ್ಟೆ ಮುಂದೆ ಕೂತರೂ ಬೆರಳಲ್ಲಿ ನೆಲ ತಟ್ತಾ ಇರ್ತಾರೆ."

ನೀಲಿ ದೋಣಿಗೆ ಬರೋಣ. ಅದರ ಮಾಲೀಕನೂ ಹಳೆಯ ದೋಣಿ ಮಾರುವವನೇ, ಆದರೆ ಬೇರೆಯವನು. ಹನ್ನೊಂದು ವರ್ಷದಿಂದ ಬಿಳಿಯಣ್ಣನ ಕೈಗೆ ಬರುವ ಮುಕ್ಕಾಲು ಪಾಲು ಕೆಲಸ ಇವನದೇ. ಸೋಮವಾರ ಬೆಳಗ್ಗೆ ಬಿಳಿಯಣ್ಣ ತಟ್ಟುತ್ತ ತಟ್ಟುತ್ತ ಹಿಂದಿನ ಹಲಗೆಗೆ ಬರುತ್ತಾರೆ. ಬದ್. ಪಕ್ಕಕ್ಕೆ ಸರಿದು ತಟ್ಟಿದರೆ ಅಲ್ಲೂ ಬದ್. ಇಂಜಿನ್ನಿನ ಬೋಲ್ಟು ಕೂರುವ ತೂತಿನಿಂದ ಎರಡು ಬಿರುಕು ಕೆಳಗಿಳಿದಿವೆ. ಅವರು ಸೊನ್ನೆ ಬರೆಯುತ್ತಾರೆ, ಗೀಟು ಹಾಕುತ್ತಾರೆ, ಮಾಲೀಕ ಬರುವವರೆಗೆ ಕಾಯುತ್ತಾರೆ.

"ಇದು ಒಳಗೆ ಹೋಗಿದೆ" ಎನ್ನುತ್ತಾರೆ. "ಹಲಗೆ ಬಿಚ್ಚಿ ಹೊಸದು ಹಾಕಿಸಬೇಕು."

ಮಾಲೀಕ ಕೆಟ್ಟವನಲ್ಲ. ಬಿಳಿಯಣ್ಣನ ಹೆಂಡತಿ ಕಾಯಿಲೆ ಬಿದ್ದಾಗ ತನ್ನ ಗಾಡಿಯಲ್ಲೇ ಆಸ್ಪತ್ರೆಗೆ ಕರೆದೊಯ್ದವನು. ಬಗ್ಗಿ ನೋಡುತ್ತಾನೆ, ಎದ್ದು ನಿಲ್ಲುತ್ತಾನೆ. "ಇಷ್ಟು ವರ್ಷ ಓಡಿಲ್ವಾ? ನಿನ್ನ ಕೆಲಸ ಹೊರಗಿಂದು. ಒಳಗಿಂದು ನಿನಗ್ಯಾಕೆ? ಒಂಚೂರು ಪೇಸ್ಟ್ ತುಂಬಿ ತಿಕ್ಕಿಬಿಡು."

ಬಿಳಿಯಣ್ಣ ಬಟ್ಟೆಯನ್ನು ಬಾಯಿಗೆ ಮತ್ತೆ ಬಿಗಿದು ಕೆಲಸಕ್ಕೆ ಕೂರುತ್ತಾರೆ. ಮಂಗಳವಾರ ಎಡಭಾಗ ಮುಗಿಯುತ್ತದೆ. ಬುಧವಾರ, ಗುರುವಾರ ಬಲಭಾಗ. ಶುಕ್ರವಾರ ಯಂತ್ರ ಹಿಡಿದು ನಡೆದಂತೆ ಸತ್ತ ಬಣ್ಣದ ಒಳಗಿನಿಂದ ಕಡುನೀಲಿ ಮೇಲೆ ಬರುತ್ತದೆ, ಶಾಯಿ ಚೆಲ್ಲಿದ ಹಾಗೆ. ಅಂಗಳದವರು ಕೈಕೆಲಸ ಬಿಟ್ಟು ಬಂದು ನೋಡುತ್ತಾರೆ. ಆದರೆ ಹಿಂದಿನ ಹಲಗೆಯನ್ನು ಬಿಳಿಯಣ್ಣ ಮುಟ್ಟಿಲ್ಲ. ಅದು ಬಿಳಿಚಿಕೊಂಡು, ಕೆಂಪು ಸೊನ್ನೆಗಳ ಸಮೇತ ಹಾಗೇ ಇದೆ.

ಶನಿವಾರ ಹತ್ತು ಗಂಟೆಗೆ ಮಾಲೀಕ ಕೊಳ್ಳುವವನನ್ನು ಕರೆತರುತ್ತಾನೆ. ಮೂವತ್ತರ ಆಸುಪಾಸಿನ ಮೀನುಗಾರ, ಜೊತೆಯಲ್ಲಿ ಅವನ ತಾಯಿ. ಮಾಲೀಕ ಮಾತಾಡುತ್ತ ಮಾತಾಡುತ್ತ ಇಬ್ಬರನ್ನೂ ಮುಂದಿನ ಮೂತಿಯ ಕಡೆಯೇ ನಿಲ್ಲಿಸಿಕೊಂಡಿದ್ದಾನೆ. ಮೀನುಗಾರ ದೋಣಿಯ ಮೈಯಲ್ಲಿ ತನ್ನ ಮುಖ ನೋಡಿಕೊಂಡು ನಗುತ್ತಾನೆ. ಆಮೇಲೆ, ಯಾರೂ ಹೇಳಿಕೊಡದೆ, ಬಕೆಟ್ ತೊಳೆಯುತ್ತಿದ್ದ ಮುದುಕನ ಕಡೆ ತಿರುಗಿ ಕೇಳುತ್ತಾನೆ.

"ಯಜಮಾನರೇ, ನೀವೇ ಅಲ್ವಾ ಇದನ್ನ ತಿಕ್ಕಿದ್ದು? ಹೇಗಿದೆ?"

ಬಿಳಿಯಣ್ಣ ಬಕೆಟ್ ಕೆಳಗಿಡುತ್ತಾರೆ. ಮಾಲೀಕನ ಮುಖ ನೋಡುವುದಿಲ್ಲ.

"ಮೈ ಚೆನ್ನಾಗಿದೆ. ಹಿಂದಿನ ಹಲಗೆ ಕೊಳೆತಿದೆ. ಇಂಜಿನ್ ಭಾರ ತಡೆಯಲ್ಲ."

ಅವರೇ ಹಿಂದಕ್ಕೆ ನಡೆದು ಸ್ಕ್ರೂಡ್ರೈವರನ್ನು ಬೋಲ್ಟಿನ ತೂತಿಗೆ ಹಾಕಿ ತಿರುವುತ್ತಾರೆ. ಹೊರಗೆ ಬಂದದ್ದು ಮರವಲ್ಲ, ನೆನೆಸಿಟ್ಟ ಚಹಾಪುಡಿಯಂಥ ಕಂದು ರಾಡಿ. ತಾಯಿ ಅದನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾರೆ, ಮೂಸುತ್ತಾರೆ, ಮಗನ ತೋಳು ಹಿಡಿದು, "ನಡಿ" ಎನ್ನುತ್ತಾರೆ.

ಅವರು ಹೋದ ಮೇಲೆ ಮಾಲೀಕ ಕೂಗಾಡಲಿಲ್ಲ. "ಹನ್ನೊಂದು ವರ್ಷ" ಎಂದ. ಆಮೇಲೆ, "ನಾಳೆಯಿಂದ ನನ್ನ ದೋಣಿ ಮುಟ್ಟಬೇಡ" ಎಂದ. ಬಿಳಿಯಣ್ಣ ಯಂತ್ರದ ವೈರು ಸುತ್ತಿ, ಬಿಲ್ಲೆಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದರು.

ಭಾನುವಾರ ಸಂಜೆ ಆ ತಾಯಿ, ಮಗ ಮನೆ ಹುಡುಕಿಕೊಂಡು ಬಂದರು. ಕೆಳಗಿನ ಕೋಣೆಯಲ್ಲಿ ಇರುವುದು ಎರಡೇ ಕುರ್ಚಿ. ಅವರನ್ನು ಕೂರಿಸಿ ಬಿಳಿಯಣ್ಣ ಗೋಡೆಗೆ ಒರಗಿ ನಿಂತರು. "ನಿಮ್ಮ ಕೆಲಸ ಹೋಯ್ತಂತೆ. ಅಂಗಳದಲ್ಲಿ ಹೇಳಿದ್ರು" ಎಂದರು ತಾಯಿ. "ಇವನ ಅಪ್ಪ ಇಲ್ಲ. ಇರೋನು ಇವನೊಬ್ಬ. ನೀವು ಸುಮ್ಮನೆ ಇದ್ದಿದ್ರೆ ನಾವು ಆ ಹೊಳಪು ನೋಡಿ ತಗೊಂಡುಬಿಡ್ತಿದ್ವಿ. ನಿಮಗೇನೂ ನಷ್ಟ ಇರ್ಲಿಲ್ಲ. ಆದ್ರೂ ಹೇಳಿದ್ರಿ." ಆಕೆ ಬಿಳಿಯಣ್ಣನ ಕೈ ಹಿಡಿಯಲು ಹೋದರು. ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

ಕೋಣೆಯ ಬಾಗಿಲು ತೆರೆದಿತ್ತು. ಹೊರಗೆ ಮೆಟ್ಟಿಲ ಮೇಲೆ, ಒಣಗಿದ ಬಟ್ಟೆಗಳನ್ನು ಎದೆಗೆ ಒತ್ತಿಕೊಂಡು ತಮ್ಮನ ಹೆಂಡತಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

ಬಂದವರು ಹೊರಟರು. ಬೀದಿಯವರೆಗೆ ಹೋಗಿ ಕಳಿಸಿ ಬಿಳಿಯಣ್ಣ ತಿರುಗಿ ಬರುವಾಗಲೂ ಆಕೆ ಅಲ್ಲೇ ಇದ್ದರು. ಈ ಸಲ ಗೋಡೆಗೆ ಸರಿಯಲಿಲ್ಲ.

"ಭಾವ" ಎಂದರು.

ಹತ್ತೊಂಬತ್ತು ವರ್ಷದ ಮೇಲೆ ಆ ದನಿ ಕೇಳಿ ಬಿಳಿಯಣ್ಣನಿಗೆ ಅದು ಯಾರದ್ದೆಂದೇ ಒಂದು ಕ್ಷಣ ಹೊಳೆಯಲಿಲ್ಲವಂತೆ. ನೆನಪಿನಲ್ಲಿ ಉಳಿದದ್ದು ಎಳೆಯ ದನಿ. ಇದು ನಡುವಯಸ್ಸಿನದು.

"ಭಾವ, ಅವತ್ತು ಯಾಕೆ ಹೇಳಲಿಲ್ಲ?"

ಅಷ್ಟೇ ಕೇಳಿದ್ದು. ದನಿ ಏರಲಿಲ್ಲ. ಕಣ್ಣಲ್ಲಿ ನೀರಿತ್ತೋ ಇಲ್ಲವೋ, ಮೆಟ್ಟಿಲಲ್ಲಿ ಆ ಹೊತ್ತಿಗೆ ಬೆಳಕು ಕಡಿಮೆ. ಬಿಳಿಯಣ್ಣ ಬಾಯಿ ತೆರೆದರು. ಮಾತು ಬರಲಿಲ್ಲ. ಆಕೆ ಕಾದರು, ಒಂದು ಬಟ್ಟೆ ಜಾರಿ ಬಿದ್ದದ್ದನ್ನು ಬಗ್ಗಿ ಎತ್ತಿಕೊಂಡರು, ಮತ್ತೂ ಸ್ವಲ್ಪ ಕಾದರು. ಆಮೇಲೆ ತಿರುಗಿ ಮೇಲೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೂಡ ಮೆಲ್ಲಗೆ.

ಮಾತು ಬಂದದ್ದು ಮಾರನೆಯ ಬೆಳಗ್ಗೆ, ಹೆಂಡತಿ ಅಂಗಿಯ ತೋಳು ಹಿಡಿದು ಕೈ ತೂರಿಸುತ್ತಿದ್ದಾಗ.

"ಮಾರೋನಿಗೆ ಹೆದರಿ ಅಲ್ಲ" ಎಂದರು, ಗೋಡೆ ನೋಡುತ್ತ. "ಕೆಲಸ ಹೋಗುತ್ತೆ ಅಂತಲೂ ಅಲ್ಲ. ತಮ್ಮ ಆ ದೋಣಿ ಮುಂದೆ ಬಾಯಿ ಬಿಟ್ಕೊಂಡು ನಿಂತಿದ್ದ. ಇದನ್ನ ನೀನು ಮಾಡಿದ್ದಾ ಅಣ್ಣಾ ಅಂದ. ಅವನು ಅಷ್ಟು ವರ್ಷದಲ್ಲಿ ಒಂದು ದಿನ ನನ್ನ ಕೆಲಸ ಏನು ಅಂತ ಕೇಳಿದವನಲ್ಲ. ಮೈ ತುಂಬ ಪುಡಿ ಮಾಡ್ಕೊಂಡು ಬರೋ ಅಣ್ಣ ಅಂದ್ರೆ ಅವನಿಗೆ ನಾಚಿಕೆ ಇತ್ತು. ಅವತ್ತು ಬೆರಗಾಗಿ ನಿಂತಿದ್ದ. ಅದರಲ್ಲಿ ಬಿರುಕಿದೆ ಅಂತ ಹೇಗೆ ಹೇಳ್ಲಿ? ಹೇಳೋಕೆ ಮನಸ್ಸು ಬರ್ಲಿಲ್ಲ. ಅಷ್ಟೇ. ಅಷ್ಟಕ್ಕೇ."

ಹೆಂಡತಿ ಗುಂಡಿ ಹಾಕುವುದನ್ನು ನಿಲ್ಲಿಸಿದರು. "ಇದನ್ನ ಮೇಲೆ ಹೋಗಿ ಹೇಳಿ" ಎಂದರು.

"ಹೇಗೆ ಹೋಗ್ಲಿ? ಕೇಳಿದಾಗ ಬಾಯಿ ಬರ್ಲಿಲ್ಲ. ಈಗ ನನಗೆ ಹಗುರ ಆಗ್ಲಿ ಅಂತ ಹೋಗಿ ಅವಳ ಮೇಲೆ ಸುರೀಲಾ?"

ಆ ಮಾತು ಅಲ್ಲಿಗೇ ನಿಂತಿದೆ. ಇದಾಗಿ ಮೂರು ವಾರ.

ನೀಲಿ ದೋಣಿ ಈಗ ಅಂಗಳದಲ್ಲಿಲ್ಲ. ಮಾಲೀಕ ಅದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬೇರೆ ಕಡೆ ಸಾಗಿಸಿದ. ಹಲಗೆ ಬದಲಾಯಿಸಲಿಕ್ಕೋ, ಬೇರೊಬ್ಬರ ಕೈಯಲ್ಲಿ ಪೇಸ್ಟ್ ತುಂಬಿಸಲಿಕ್ಕೋ, ಯಾರಿಗೂ ತಿಳಿಯದು. ಬಿಳಿಯಣ್ಣ ಕೆಲಸವಿಲ್ಲದ ದಿನಗಳಲ್ಲಿ ನಡೆದು ಹೋಗಿ ದೋಣಿ ನಿಲ್ಲುವ ಹತ್ತಿರದ ಮೂರು ದಕ್ಕೆಗಳನ್ನು ನೋಡಿ ಬಂದಿದ್ದಾರೆ. ಕಟ್ಟಿಹಾಕಿದ ಸಾಲಿನಲ್ಲಿ ಕಡುನೀಲಿ ಕಂಡರೆ ನಿಲ್ಲುತ್ತಾರೆ. "ಹೊಳೀತಾ ಇರುತ್ತಲ್ಲ, ದೂರದಿಂದಲೇ ಗೊತ್ತಾಗುತ್ತೆ" ಎನ್ನುತ್ತಾರೆ. ಇದುವರೆಗೆ ಕಂಡಿಲ್ಲ.

ಹೊಸ ಕೆಲಸ ಕಡಿಮೆ. ಮಾತು ಒಂದು ಅಂಗಳದಿಂದ ಇನ್ನೊಂದಕ್ಕೆ ಬೇಗ ಹೋಗುತ್ತದೆ. ಮುದುಕನನ್ನು ಕರೆದರೆ ಇದ್ದದ್ದು ಇಲ್ಲದ್ದು ಎಲ್ಲ ಬರೆದಿಡುತ್ತಾನೆ ಎಂದು ಮಾರುವವರು ಹಿಂದೆ ಸರಿದಿದ್ದಾರೆ. ಈ ವಾರ ಸಿಕ್ಕಿರುವುದು ಒಂಬತ್ತು ಅಡಿಯ ಹುಟ್ಟುದೋಣಿ, ಇಂಜಿನ್ನೇ ಇಲ್ಲದ್ದು. ಹಳದಿ ಬಣ್ಣ ಹಾಲಿನ ಕೆನೆಯಂತೆ ಬೆಳ್ಳಗಾಗಿದೆ. ಎರಡು ದಿನದ ಕೆಲಸ. ಅವರು ಅದನ್ನು ನಾಲ್ಕು ದಿನ ಮಾಡುತ್ತಿದ್ದಾರೆ.

ಬೆಳಗ್ಗೆ ಮನೆಯಿಂದ ಹೊರಡುವಾಗ ಮೆಟ್ಟಿಲ ಕೆಳಗೆ ಚಪ್ಪಲಿ ಹಾಕಿಕೊಳ್ಳಲು ಈಗ ಅವರಿಗೆ ಮೊದಲಿಗಿಂತ ಹೆಚ್ಚು ಹೊತ್ತು ಬೇಕು. ಮೇಲೆ ನೀರು ಸುರಿಯುವ, ಪಾತ್ರೆ ಇಡುವ ಸದ್ದು ಕೇಳಿಸುತ್ತದೆ. ಬಾಗಿಲು ತೆರೆಯುವ ಸದ್ದಿಗೆ ಕಾದು, ಬಾರದೆ ಇದ್ದರೆ ಹೊರಡುತ್ತಾರೆ.

"ಕೈಯಲ್ಲಿ ಶಕ್ತಿ ಇರೋವರೆಗೆ ತಿಕ್ತೀನಿ, ಅದಕ್ಕೇನು" ಎನ್ನುತ್ತಾರೆ ಬಿಳಿಯಣ್ಣ, ಪೇಪರನ್ನು ನೀರಿಗೆ ಅದ್ದಿ ಮಡಚುತ್ತ. "ಬೇರೆ ಆಸೆ ಏನಿಲ್ಲ. ಅವಳು ಇನ್ನೊಂದು ಸಲ ಕೇಳಬೇಕು. ಕ್ಷಮಿಸು ಅನ್ನೋಕಲ್ಲ. ಕೇಳಿದವಳನ್ನ ಸುಮ್ಮನೆ ಕಳಿಸಿಬಿಟ್ಟೆ. ಉತ್ತರ ಕೊಡಬೇಕು."